ಆಲೂಗಡ್ಡೆ ಬಸಿದ ನೀರು

ಮೂರನೆಯ ಸಲವೂ ರಕ್ತದಲ್ಲಿ ಪೊಟ್ಯಾಶಿಯಂ ಏರಿಯೇ ಇತ್ತು. ಡಾಕ್ಟರು ಕಾಗದದಿಂದ ತಲೆಯೆತ್ತಿ ನನ್ನ ಗಂಡನನ್ನು ನೋಡಿದರು. "ಎಗೊನ್, ನಿಜ ಹೇಳಿ. ಕದ್ದು ಏನಾದ್ರೂ ತಿಂತಿದ್ದೀರಾ?"

ನಲವತ್ತು ವರ್ಷ ಬಂದರಿನಲ್ಲಿ ಮೀನುದೋಣಿಗಳ ಎಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ, ಮೇಷ್ಟರ ಮುಂದೆ ಸಿಕ್ಕಿಬಿದ್ದವನ ಹಾಗೆ ಕೂತಿದ್ದ. ಒಮ್ಮೆ ನನ್ನ ಕಡೆ ನೋಡಿದ. "ಹೂಂ. ಚಾಕಲೇಟು. ಒಣದ್ರಾಕ್ಷಿನೂ," ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಕಿಡ್ನಿಗಳಲ್ಲಿ ಉಳಿದಿದ್ದ ಶಕ್ತಿ ನೂರಕ್ಕೆ ಹದಿನಾಲ್ಕು ಪಾಲು. ಪೊಟ್ಯಾಶಿಯಂ ಹೊರಗೆ ಹೋಗದೆ ರಕ್ತದಲ್ಲೇ ಸೇರುತ್ತ ಹೋದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಡಯಾಲಿಸಿಸ್ ಮಾತೆತ್ತಿದರೆ, "ಅಣ್ಣನ್ನ ಆ ಮಷಿನ್ನು ಎರಡು ವರ್ಷ ಹಿಂಡಿದ್ದು ನೋಡಿದೀನಿ, ನಂಗೆ ಬೇಡ್ವೇ ಬೇಡ," ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಇನ್ನು ಉಳಿದದ್ದು ಪಥ್ಯ ಒಂದೇ. ಅಂದರೆ ನನ್ನ ಒಲೆ.

ಪಥ್ಯದ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿಕೊಂಡು ನಾನು ವ್ರತ ಹಿಡಿದವಳಂತೆ ಅಡುಗೆ ಮಾಡುತ್ತಿದ್ದೆ. ಉಪ್ಪು ಹಾಕಿದ ಹೆರಿಂಗ್ ಮೀನು ಹೋಯಿತು. ಬಾಳೆಹಣ್ಣು, ಟೊಮೆಟೊ, ಅವನ ಪ್ರಾಣವಾಗಿದ್ದ ಲಿಕೊರಿಸ್ ಮಿಠಾಯಿ, ಎಲ್ಲ ಹೋದವು. ಆಲೂಗಡ್ಡೆ ಇಲ್ಲದಿದ್ದರೆ ಅವನಿಗೆ ಅದು ಊಟವೇ ಅಲ್ಲ. ಅದಕ್ಕೂ ಹಾಳೆಯಲ್ಲಿ ದಾರಿ ಇತ್ತು: ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ದೊಡ್ಡ ಪಾತ್ರೆಯ ತುಂಬ ನೀರಿನಲ್ಲಿ ಬೇಯಿಸಿ ಬಸಿಯಬೇಕು, ಪೊಟ್ಯಾಶಿಯಂ ನೀರಿಗೆ ಬಿಟ್ಟುಕೊಳ್ಳುತ್ತದೆ. ಒಂದು ದಿನವೂ ತಪ್ಪಿಸಿರಲಿಲ್ಲ. ಇಷ್ಟೆಲ್ಲ ಮಾಡಿದರೆ ಈ ಮಹಾರಾಯ ಚಾಕಲೇಟು ತಿನ್ನುತ್ತಿದ್ದನಂತೆ!

ಅವತ್ತಿನಿಂದ ನಾನು ಪೊಲೀಸಿನವಳಾದೆ. ಅವನ ಕೋಟಿನ ಜೇಬು, ಶೆಡ್ಡಿನಲ್ಲಿದ್ದ ಮೊಳೆಯ ಡಬ್ಬಿ, ಕಾರಿನ ಸೀಟಿನ ಅಡಿ, ಎಲ್ಲ ತಡಕಿದೆ. ಒಂದು ಚೂರು ಕಾಗದವೂ ಸಿಗಲಿಲ್ಲ. ಬೇಕರಿಗೆ ಫೋನ್ ಮಾಡಿ ಅವನಿಗೆ ಏನೂ ಮಾರಬೇಡಿ ಎಂದೆ. ಮಾರನೆಯ ದಿನ ಅವನು ಕೆಂಪಗಾಗಿ ಮನೆಗೆ ಬಂದ.

"ಅಮ್ಮಾ, ಬೇಕರಿ ಹುಡುಗಿ ಎಲ್ಲರ ಮುಂದೆ, 'ನಿಮ್ಮ ಹೆಂಡ್ತಿ ಬೇಡ ಅಂದಿದಾರೆ' ಅಂದ್ಲು." ಮೊದಲ ಮಗು ಹುಟ್ಟಿದಂದಿನಿಂದ ನಾನು ಅವನಿಗೂ ಅಮ್ಮನೇ.

"ಕಳ್ಳನಿಗೆ ಮಾನ ಬೇರೆ ಕೇಡು," ಎಂದೆ.

ಅವನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಶೆಡ್ಡಿಗೆ ಹೋದ. ಎರಡು ವಾರ ಕಳೆದ ಮೇಲೆ ಬೆಳಗ್ಗೆ ಬೇಲಿಯ ಹತ್ತಿರ ಕುಸಿದುಬಿದ್ದ. ಆಂಬುಲೆನ್ಸಿಗೆ ಹತ್ತಿಸುವಾಗಲೂ ನಾನು ಕೇಳಿದ್ದು ಒಂದೇ: "ಏನು ತಿಂದೆ? ಬಾಯಿ ಬಿಡು!"

ಆಸ್ಪತ್ರೆಯಲ್ಲಿ ಅವನ ಎದೆಗೆ ವೈರುಗಳನ್ನು ಅಂಟಿಸುತ್ತಿದ್ದಾಗ, ಪಥ್ಯ ಹೇಳುವ ರಿಕ್ಕೆ ಎಂಬ ಹೆಂಗಸು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿಕೊಂಡಳು. "ಗುದ್ರುನ್ ಅವ್ರೇ, ನಿನ್ನೆ ಊಟ ಹೇಗೆ ಮಾಡಿದ್ರಿ, ಶುರುವಿಂದ ಹೇಳಿ. ಏನೂ ಬಿಡ್ಬೇಡಿ."

ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ. ಸಿಪ್ಪೆ, ಹೆಚ್ಚುವುದು, ಬೇಯಿಸುವುದು, ಬಸಿಯುವುದು. "ಆಮೇಲೆ ಮಾಂಸ ಹುರಿದ ಬಾಣಲೆಗೆ ಹಿಟ್ಟು ಹಾಕಿ, ಬಸಿದ ನೀರು ಹುಯ್ದು ಗ್ರೇವಿ ಮಾಡಿದೆ."

ಅವಳ ಪೆನ್ನು ನಿಂತಿತು. "ಯಾವ ನೀರು?"

"ಆಲೂಗಡ್ಡೆ ಬಸಿದ ನೀರು ಕಣಮ್ಮಾ. ಬೇರೆ ನೀರಲ್ಲಿ ಯಾರಾದ್ರೂ ಗ್ರೇವಿ ಮಾಡ್ತಾರಾ?" ನನ್ನ ಅಮ್ಮ ಹಾಗೇ ಮಾಡುತ್ತಿದ್ದಳು, ಅವಳ ಅಮ್ಮನೂ. ಆ ನೀರನ್ನು ಚೆಲ್ಲುವವಳನ್ನು ನಮ್ಮ ಕಡೆ ದುಂದುಗಾತಿ ಎನ್ನುತ್ತಾರೆ. ಉಪ್ಪಿಲ್ಲದ ಊಟ ಅವನಿಗೆ ಸೇರುವುದಿಲ್ಲವೆಂದು ಈಚೆಗೆ ಗ್ರೇವಿಯನ್ನು ಎರಡರಷ್ಟು ಮಾಡುತ್ತಿದ್ದೆ. "ಇನ್ನೊಂದು ಸೌಟು ಹಾಕ್ಕೋ" ಎಂದು ನಾನೇ ಬಡಿಸುತ್ತಿದ್ದೆ.

ರಿಕ್ಕೆ ಏನೂ ಬೈಯಲಿಲ್ಲ. ನನ್ನ ಕೈ ಹಿಡಿದುಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

ಒಳಗೆ ಹೋಗಿ ಅವನ ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ.

"ಚಾಕಲೇಟು ತಿಂದೆ ಅಂತ ಯಾಕಂದೆ?"

"ಇಲ್ಲ ಅಂದಿದ್ರೆ ನಿನ್ನ ಅಡುಗೆ ಮೇಲೆ ಬರ್ತಿತ್ತಲ್ಲ," ಎಂದ. "ಅಷ್ಟು ಕಷ್ಟಪಡ್ತಿದ್ದೆ ನೀನು."

"ಬರ್ಲಿ ಅಂತ ಬಿಡ್ಬೇಕಿತ್ತು, ಕೋಣ! ಅವತ್ತೇ ಯಾರಾದ್ರೂ ನನ್ನ ಪಾತ್ರೆಗೆ ಬಗ್ಗಿ ನೋಡ್ತಿದ್ರು!" ಎಂದು ಮಂಚದ ಕಂಬಿ ಹಿಡಿದು ಗಟ್ಟಿಯಾಗಿ ಅತ್ತುಬಿಟ್ಟೆ. ನರ್ಸು ಓಡಿಬಂದಳು.

ಅವಳ ಹಿಂದೆಯೇ ಡಾಕ್ಟರು ಬಂದರು. ಕಿಡ್ನಿ ಪೂರ್ತಿ ಸೋತಿದೆ, ಇನ್ನು ಪಥ್ಯದಿಂದ ಆಗುವುದಿಲ್ಲ, ವಾರಕ್ಕೆ ಮೂರು ದಿನ ಮಷಿನ್ನು, ಇಲ್ಲವಾದರೆ ಕೆಲವೇ ದಿನ ಎಂದರು. "ನಿಮ್ಮಿಷ್ಟ, ಎಗೊನ್. ಬಲವಂತ ಇಲ್ಲ."

ಎಗೊನ್ ಬೇಡವೆಂದು ತಲೆಯಾಡಿಸಲು ಹೊರಟಿದ್ದ. ನಾನು ಅವನ ಮುಖ ಹಿಡಿದೆ.

"ನೀನು ಬೇಡ ಅಂದ್ರೆ, ನಿನ್ನ ಕೊಂದೋಳು ನಾನೇ ಆಗ್ತೀನಿ. ಸಾಯೋ ತನಕ ಅದನ್ನ ಹೊತ್ಕೊಂಡು ಓಡಾಡ್ಲಾ?"

ಹೀಗೆ ಹೇಳಬಾರದಿತ್ತು. ಗೊತ್ತಿದ್ದೂ ಹೇಳಿದೆ. ಅವನು ನನ್ನ ಕೈಗಳನ್ನು ಮುಖದಿಂದ ಮೆಲ್ಲಗೆ ಬಿಡಿಸಿದ. ಆಮೇಲೆ ಡಾಕ್ಟರ ಕಡೆ ತಿರುಗಿದ.

"ಹೂಂ. ನಂಗೆ ಇನ್ನೂ ಬದುಕ್ಬೇಕು ಅನ್ಸುತ್ತೆ," ಎಂದ.

ಡಾಕ್ಟರು ಖುಷಿಯಿಂದ ಬರೆದುಕೊಂಡರು. ಅವನು ಹೇಳಿದ್ದು ಸುಳ್ಳೆಂದು ಈ ಸಲ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.