ಉಣ್ಣುವವರ ಕಡೆಯಿಂದ

ನಾನು ಒಂದು ಮುಕ್ಕಾಲಿ. ಕೂರುವ ಮುಕ್ಕಾಲಿಯಲ್ಲ, ಕ್ಯಾಮೆರಾ ಹೊತ್ತು ನಿಲ್ಲುವಂಥದ್ದು. ಫೋಟೋದವರು ನನ್ನನ್ನು ಸ್ಟ್ಯಾಂಡು ಎನ್ನುತ್ತಾರೆ. ಅಲ್ಯೂಮಿನಿಯಂ ಕೊಳವೆಗಳನ್ನು ಅಳತೆಗೆ ಕತ್ತರಿಸಿ, ಒಂದರೊಳಗೆ ಒಂದು ತೂರಿಸಿ, ತಿರುಪು ಬಿಗಿದು ನನ್ನನ್ನು ಮಾಡಿದರು. ಕೊನೆಗೆ ಕೆಲಸಗಾರನೊಬ್ಬ ನನ್ನ ಮೂರು ಕಾಲನ್ನೂ ಅಗಲಿಸಿ ನಿಲ್ಲಿಸಿ, ತಲೆಯ ಮೇಲೆ ಅಂಗೈ ಒತ್ತಿ ನೋಡಿದ. ನಾನು ಅಲ್ಲಾಡಲಿಲ್ಲ. "ಆಯ್ತು" ಎಂದು ಪಕ್ಕಕ್ಕಿಟ್ಟ. ಅಲ್ಲಾಡದಿರುವುದೇ ನನ್ನ ಕೆಲಸವೆಂದು ಆಗಲೇ ತಿಳಿಯಿತು.

ಮೈಸೂರಿನ ಚಾಮುಂಡಿಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಫಾಲಾಕ್ಷಪ್ಪ ನನ್ನನ್ನು ಕೊಂಡರು. ಹತ್ತೊಂಬತ್ತು ವರ್ಷ ಅವರ ಬಳಿ ನಿಂತೆ. ಪಾಸ್‌ಪೋರ್ಟ್ ಅಳತೆಯ ಮುಖಗಳು, ಶಾಲೆಯ ಬೀಳ್ಕೊಡುಗೆಯ ಗುಂಪುಗಳು, ನಾಮಕರಣದ ಕೂಸುಗಳು ಎಲ್ಲವೂ ನನ್ನ ತಲೆಯ ಮೇಲಿನ ಕಣ್ಣಿಗೆ ಬಿದ್ದವು. ನನ್ನ ಪಾಲಿಗೆ ಬಂದದ್ದು ಮೊಣಕಾಲುಗಳು, ಸೆರಗಿನ ಅಂಚುಗಳು, ಆ ದಿನಕ್ಕೆಂದೇ ಪಾಲಿಶ್ ಮಾಡಿದ ಬೂಟುಗಳು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು. ಸ್ಟುಡಿಯೋ ಬಾಗಿಲು ಹಾಕಿತು. ಕಾಲು ಚಾಚಿದಂತೆಯೇ ನನ್ನನ್ನು ಅವರ ಮನೆಯ ಬಚ್ಚಲಿನ ಪಕ್ಕದ ಕೋಣೆಯಲ್ಲಿ ಒರಗಿಸಿದರು. ತೇವಕ್ಕೆ ಕಾಲಿನ ತಿರುಪುಗಳು ಹಿಡಿದುಕೊಂಡು, ಚಾಚಿದ ಕಾಲು ಮತ್ತೆ ಒಳಗೆ ಸರಿಯದಂತಾಯಿತು. ಆರು ವರ್ಷ ಯಾರೂ ನನ್ನನ್ನು ಮುಟ್ಟಲಿಲ್ಲ.

ಒಂದು ಸೋಮವಾರ ಹಿಂದಿನ ಬೀದಿಯ ವೈಜಯಂತಿ ಬಂದರು. ಬಡಿಸೋ ವೈಜಯಂತಮ್ಮ ಎಂದೇ ಅವರನ್ನು ಎಲ್ಲರೂ ಕರೆಯುತ್ತಿದ್ದುದು. ಇಪ್ಪತ್ತೆರಡು ವರ್ಷ ಬೇರೆಯವರ ಅಡುಗೆ ತಂಡಗಳಲ್ಲಿ ಸಾರಿನ ಬಕೆಟ್ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ನಡೆದವರು. ಈಗ ಮೊದಲ ಸಲ ಒಂದು ಮದುವೆಯ ಅಡುಗೆಯನ್ನು ತಾವೇ ವಹಿಸಿಕೊಳ್ಳುವ ಅವಕಾಶ ಬಂದಿತ್ತು.

"ತೀರ್ಮಾನ ಮಾಡೋರು ಹುಡುಗಿ ಅಜ್ಜಿ. ಹಾಸನದಲ್ಲಿದಾರೆ, ಮಂಡಿ ನೋವು, ಬಂದು ರುಚಿ ನೋಡಕ್ಕಾಗಲ್ಲ. ಪೂರ್ತಿ ಎಲೆ ಬಡಿಸಿ ಫೋಟೋ ಕಳ್ಸು, ನೋಡಿ ಹೇಳ್ತೀನಿ ಅಂದಿದಾರೆ. ಗುರುವಾರ ಮಧ್ಯಾಹ್ನದೊಳಗೆ," ಎಂದು ಒಂದೇ ಉಸಿರಿಗೆ ಹೇಳಿದರು. "ನನ್ನ ಕೈ ನಡುಗತ್ತೆ ಫಾಲಾಕ್ಷಪ್ಪನೋರೆ. ಬಕೆಟ್ ಎತ್ತೀ ಎತ್ತೀ ಹಿಂಗಾಗಿದೆ. ನೋಡಿ, ನಾನೇ ತೆಗ್ದಿದ್ದು, ಇದು ಕೋಸಂಬರಿ."

ಫಾಲಾಕ್ಷಪ್ಪ ಮೊಬೈಲನ್ನು ದೂರ ಹಿಡಿದು ನೋಡಿದರು. "ಹೌದಾ? ನಾನು ಬಾವಿ ಪಾಚಿ ಅಂದ್ಕೊಂಡೆ."

"ನಗ್ಬೇಡಿ. ದಾರಿ ಹೇಳಿ."

ಫಾಲಾಕ್ಷಪ್ಪ ಎದ್ದು ಒಳಗೆ ಹೋದರು. ಕೋಣೆಯ ಬಾಗಿಲು ತೆರೆಯಿತು. ನನ್ನ ಮೇಲಿನ ಧೂಳನ್ನು ಪಂಚೆಯ ತುದಿಯಿಂದಲೇ ಒರೆಸಿದರು.

ಮಂಗಳವಾರದಿಂದ ವೈಜಯಂತಿಯವರ ಮನೆಯ ನಡುಮನೆಯೇ ನನ್ನ ಸ್ಟುಡಿಯೋ. ನನ್ನ ತಲೆಗೆ ಮೊಬೈಲನ್ನು ಕ್ಲಿಪ್ಪು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದರು. ಭಾರವಾದ ಕ್ಯಾಮೆರಾ ಹೊತ್ತ ನನಗೆ ಅದು ತಲೆಯ ಮೇಲೆ ಹೂ ಇಟ್ಟಷ್ಟು ಹಗುರ. ಆದರೂ ಒಳಗೇನೋ ಪುಳಕ. ಮತ್ತೆ ಯಾರಿಗೋ ನಾನು ಬೇಕಾಗಿದ್ದೆ.

ಫಾಲಾಕ್ಷಪ್ಪ ಮೊದಲು ಟ್ಯೂಬ್‌ಲೈಟ್ ಆರಿಸಿದರು, ಫ್ಲ್ಯಾಶ್ ತೆಗೆಸಿದರು. ಎಲೆಯನ್ನು ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನೆಲದ ಮೇಲೆ ಹಾಕಿಸಿದರು. ನೆರಳು ಬಿದ್ದ ಬದಿಗೆ ಬಿಳಿ ಥರ್ಮೋಕೋಲ್ ಹಲಗೆಯೊಂದನ್ನು ನಿಲ್ಲಿಸಿದಾಗ ಕೋಸಂಬರಿಯ ಒಂದೊಂದು ಹೆಸರುಬೇಳೆಯೂ ಬೇರೆಬೇರೆಯಾಗಿ ಕಂಡಿತು. ವೈಜಯಂತಿ ಬಾಯಿಗೆ ಕೈ ಇಟ್ಟುಕೊಂಡರು.

"ಇದು ನಾನು ಮಾಡಿದ್ದೇನಾ?"

"ಪಾಚಿ ಅಲ್ಲ ಅಂತ ಈಗ ಒಪ್ಕೋತೀನಿ," ಎಂದರು ಫಾಲಾಕ್ಷಪ್ಪ.

ಅಲ್ಲಿಂದ ವೈಜಯಂತಿಯವರನ್ನು ಹಿಡಿಯುವವರಿರಲಿಲ್ಲ. ಪಲ್ಯ ರಾಶಿ ಸುರಿದರೆ ಗುಡ್ಡೆಯಾಗಿ ಕಾಣುತ್ತದೆ, ಅರ್ಧ ಸೌಟು ಸಾಕು ಎಂದು ಕಂಡುಕೊಂಡರು. ಎಲೆ ತೊಳೆದು ಹಾಗೇ ಹಾಕಿದರೆ ಹನಿಗಳೇ ಮಿಂಚುತ್ತವೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಿತ್ರಾನ್ನದ ಕಡಲೆಕಾಯಿ ಬೀಜ ಒಳಗೆ ಹುದುಗಿದ್ದರೆ ನಾಲ್ಕನ್ನು ಮೇಲಕ್ಕೆ ತರಬೇಕು. ಹಪ್ಪಳ ಕೊನೆಗೆ, ತುಪ್ಪ ಅದಕ್ಕೂ ಕೊನೆಗೆ. ಒಂದೊಂದು ಸಲವೂ ಒತ್ತಿ, ಓಡಿಬಂದು ನೋಡಿ, ಮತ್ತೆ ಓಡಿಹೋಗಿ ಎಲೆಯ ಮುಂದೆ ಬಗ್ಗುತ್ತಿದ್ದರು. ಐವತ್ತರ ಹತ್ತಿರದ ಆ ಹೆಂಗಸಿನ ಪಾದಗಳು ಕುಣಿಯುವುದೊಂದು ಬಾಕಿ. ನಾನು ಅಲ್ಲಾಡದೆ ನಿಂತಿದ್ದೆ, ಆದರೆ ನನ್ನ ಸಡಿಲ ತಿರುಪೊಂದು ಅವರು ಓಡಾಡಿದಾಗಲೆಲ್ಲ ಕಿಣಿಕಿಣಿ ಎನ್ನುತ್ತಿತ್ತು.

ಬುಧವಾರ ಪೂರ್ತಿ ಎಲೆ. ಹದಿನಾಲ್ಕು ಬಗೆ. ಪಕ್ಕದಲ್ಲಿ ಹಿತ್ತಾಳೆ ಚೊಂಬು. ಫೋಟೋ ಹಾಸನಕ್ಕೆ ಹೋಯಿತು. ಅರ್ಧ ಗಂಟೆಯಲ್ಲಿ ಅಜ್ಜಿಯ ಫೋನು.

"ಎಲ್ಲಾ ಲಕ್ಷಣವಾಗಿದೆ ಕಣಮ್ಮ. ಆದ್ರೆ ಎಲೆ ತುದಿ ಬಲಕ್ಕೆ ಹಾಕಿದೀಯಲ್ಲ. ಉಪ್ಪು ಕೆಳಗೆ, ಅನ್ನ ಮೇಲೆ. ತಿಥಿ ಮನೆ ಎಲೆ ತೋರ್ಸಿ ಮದುವೆ ಅಡುಗೆ ಕೇಳ್ತಾರಾ ಯಾರಾದ್ರೂ?"

"ಇಲ್ಲ ಅಮ್ಮ, ನಾನು ಎಡಕ್ಕೇ ಹಾಕಿದ್ದು…"

"ನನಗೆ ಮಂಡಿ ಹೋಗಿದೆ, ಕಣ್ಣು ಹೋಗಿಲ್ಲ. ನಾಳೆ ಮಧ್ಯಾಹ್ನ ಬೇರೆಯವರಿಗೆ ವೀಳ್ಯ ಕೊಟ್ಟು ಅಡುಗೆ ಒಪ್ಪಿಸ್ಬಿಡ್ತೀವಿ."

ಫೋನು ನಿಂತಿತು. ವೈಜಯಂತಿ ಎಲೆಯನ್ನೇ ನೋಡುತ್ತ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಎಲೆ ಹಾಕಿದ್ದರೋ, ಒಂದನ್ನೂ ತಪ್ಪಾಗಿ ಹಾಕಿದವರಲ್ಲ. ಈಗಲೂ ಹಾಕಿರಲಿಲ್ಲ. ಫೋಟೋದಲ್ಲಿ ಮಾತ್ರ ತುದಿ ಬಲಕ್ಕಿತ್ತು.

ಫಾಲಾಕ್ಷಪ್ಪ ಮೊಬೈಲನ್ನು ತಿರುಗಿಸಿ ಹಿಡಿದರು. "ಉಲ್ಟಾ ಮಾಡಿ ಕಳ್ಸಿದ್ರೆ ಸರಿಹೋಗತ್ತೆ."

"ಚೊಂಬು ತಲೆಕೆಳಗಾಗಿ ನಿಂತಿದೆ. ಅಜ್ಜಿ ಮೇಲೆ ನೀರು ಚೆಲ್ಲತ್ತೆ, ಇನ್ನೂ ಚೆನ್ನಾಗಿರತ್ತೆ." ವೈಜಯಂತಿ ಮೊಬೈಲನ್ನು ಪಕ್ಕಕ್ಕೆ ತಳ್ಳಿದರು.

ಫಾಲಾಕ್ಷಪ್ಪ ಎಲೆಯನ್ನು ಒಂದು ಸುತ್ತು ಹಾಕಿದರು. ನನ್ನ ಎದುರಿಗೆ ಬಂದು ನಿಂತು, ನನ್ನನ್ನೂ ನನ್ನ ಪಕ್ಕದಲ್ಲಿದ್ದ ವೈಜಯಂತಿಯವರನ್ನೂ ನೋಡಿದರು.

"ನೀವು ಯಾವ ಕಡೆ ನಿಂತಿದೀರಿ?"

"ಬಡಿಸೋ ಕಡೆ."

"ಎರಡು ದಿನದಿಂದ ಸ್ಟ್ಯಾಂಡು ಎಲ್ಲಿಡಲಿ ಅಂದಾಗೆಲ್ಲ ಇಲ್ಲೇ ಅಂತ ತೋರ್ಸಿದ್ರಿ. ನಾನೂ ಪೆದ್ದ, ಇಟ್ಟೆ. ಊಟ ಮಾಡೋರು ಈ ಕಡೆ ಕೂರ್ತಾರಮ್ಮ."

ವೈಜಯಂತಿ ಫಾಲಾಕ್ಷಪ್ಪ ನಿಂತ ಬದಿಯನ್ನು ನೋಡಿದರು. ಬಡಿಸುವವರು ಉಣ್ಣುವುದು ಕೊನೆಯ ಪಂಕ್ತಿ ಎದ್ದ ಮೇಲೆ, ಅಡುಗೆಮನೆಯಲ್ಲಿ, ತಟ್ಟೆ ಕೈಯಲ್ಲಿ ಹಿಡಿದು. ಹಬ್ಬದ ಎಲೆಯನ್ನು ಅವರು ಆ ಕಡೆಯಿಂದ ಕಂಡೇ ಇರಲಿಲ್ಲ. ಅವರ ಕಾಲಿಗೆ ಗೊತ್ತಿದ್ದ ಜಾಗ ಇದೊಂದೇ. ನಾನೂ ಅಲ್ಲೇ ನಿಂತಿದ್ದೆ, ಏನೂ ಅನ್ನಿಸದೆ.

ಗುರುವಾರ ಬೆಳಿಗ್ಗೆ ನನ್ನನ್ನು ಎಲೆಯ ಆ ಬದಿಗೆ ಎತ್ತಿ ಇಟ್ಟರು. ಆಗ ಇನ್ನೊಂದು ತೊಡಕು. ನಾನು ನಿಂತವರ ಎತ್ತರ. ಅಲ್ಲಿಂದ ಬಗ್ಗಿ ನೋಡಿದರೆ ಎಲೆ ಬಾವಿಯೊಳಗೆ ಬಿದ್ದಂತೆ ಕಾಣುತ್ತಿತ್ತು. ಕೂತವರ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಕಾಲು ಮಡಚದು. ಎಣ್ಣೆ ಹಾಕಿದರು, ತಟ್ಟಿದರು, ಎಳೆದರು.

"ಎಲೇನೇ ಮೇಜಿನ ಮೇಲೆ ಹಾಕಿದ್ರೆ?" ಎಂದರು ಫಾಲಾಕ್ಷಪ್ಪ.

"ಅಜ್ಜಿ ನೆಲದ ಪಂಕ್ತಿನೇ ಕೇಳಿರೋದು."

ಫಾಲಾಕ್ಷಪ್ಪ ಮನೆಗೆ ಹೋಗಿ ಕಬ್ಬಿಣ ಕೊಯ್ಯುವ ಗರಗಸ ತಂದರು. ವೈಜಯಂತಿ ಅದನ್ನು ಕಂಡು, "ಬೇಡಿ, ಅದು ನಿಮ್ಮ ಅನ್ನ ಹುಟ್ಟಿಸಿದ ಸ್ಟ್ಯಾಂಡು," ಎಂದರು.

ಫಾಲಾಕ್ಷಪ್ಪ ನನ್ನನ್ನು ಮಲಗಿಸಿ, ಮೊದಲ ಕಾಲಿನ ಮೇಲೆ ಕೈಯಿಟ್ಟು ತುಸು ಹೊತ್ತು ಕೂತರು. ಆ ಅಂಗೈ ಬೆಚ್ಚಗಿತ್ತು. ಆಮೇಲೆ ಗರಗಸ ಆಡಿತು. ನೋವಾಯಿತೇ ಎಂದರೆ ಹೇಳಲಾರೆ. ಮೂರು ಕಾಲನ್ನೂ ಕೊಯ್ದು ನಿಲ್ಲಿಸಿದಾಗ ನೆಲ ಇಷ್ಟು ಹತ್ತಿರವಿತ್ತೇ ಎಂದು ಬೆರಗಾಯಿತು.

ವೈಜಯಂತಿ ಎಲೆ ಹಾಕಿದರು, ಉಪ್ಪಿನಿಂದ ಆರಂಭಿಸಿ ಕ್ರಮ ತಪ್ಪದೆ ಬಡಿಸಿದರು. ಬಿಸಿ ಅನ್ನ, ತೊವ್ವೆ, ಮೇಲೆ ತುಪ್ಪ. ಓಡಿಬಂದು ನನ್ನ ಹಿಂದೆ ಚಕ್ಕಲಮಕ್ಕಲ ಹಾಕಿ ಕೂತು ಪರದೆಯನ್ನು ನೋಡಿದರು. ತುದಿ ಎಡಕ್ಕಿತ್ತು. ಅಷ್ಟೇ ಅಲ್ಲ. ನಿನ್ನೆಯವರೆಗೆ ಎಲೆಯ ಹಿಂದೆ ಬಿಳಿ ಗೋಡೆ ಇತ್ತು, ಈಗ ಅಡುಗೆಮನೆಯ ಕತ್ತಲು ಬಾಗಿಲು. ಆ ಕಪ್ಪಿನ ಮುಂದೆ ಅನ್ನದ ಹಬೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ನಿನ್ನೆಯೂ ಎದ್ದಿತ್ತು, ಕಂಡಿರಲಿಲ್ಲ.

"ಒತ್ತಿ, ಒತ್ತಿ, ಹಬೆ ಹೋಗತ್ತೆ," ಎಂದರು ಫಾಲಾಕ್ಷಪ್ಪ ಪಿಸುದನಿಯಲ್ಲಿ, ಹಬೆಗೆ ಕೇಳಿಸಿಬಿಟ್ಟೀತು ಎನ್ನುವಂತೆ.

ವೈಜಯಂತಿ ಒತ್ತಿದರು. ಹನ್ನೊಂದೂವರೆಗೆ ಫೋಟೋ ಹೋಯಿತು. ಹನ್ನೆರಡಾಯಿತು, ಉತ್ತರವಿಲ್ಲ.

"ಆರೋಗ್ತಿದೆ, ಊಟ ಮಾಡಿ," ಎಂದರು ಫಾಲಾಕ್ಷಪ್ಪ.

"ನಾನಾ? ಇಲ್ಲಿ ಕೂತಾ?"

"ಮತ್ತೆ? ಸ್ಟ್ಯಾಂಡು ಮಾಡತ್ತಾ?" ಎನ್ನುತ್ತ ಅವರೇ ಸಾರಿನ ಪಾತ್ರೆ ಎತ್ತಿಕೊಂಡರು.

"ಸೌಟು ಹಂಗೆ ಹಿಡೀಬಾರ್ದು. ಚೆಲ್ತೀರಿ."

"ಸುಮ್ನೆ ಕೂತ್ಕೊಳ್ಳಿ. ನೀವೀಗ ಬೀಗರು."

ವೈಜಯಂತಿ ನಗುತ್ತ ಅನ್ನಕ್ಕೆ ಗುಳಿ ಮಾಡಿದರು. ಸಾರು ಅರ್ಧ ಗುಳಿಗೆ ಬಿತ್ತು, ಅರ್ಧ ಹಪ್ಪಳಕ್ಕೆ. ಮೂರನೆಯ ತುತ್ತು ಬಾಯಿಗೆ ಹೋಗುವಾಗ ನನ್ನ ತಲೆಯ ಮೇಲೆ ಮೊಬೈಲ್ ಗಡಗಡ ನಡುಗತೊಡಗಿತು. ಅವರ ಕೈ ಸಾರನ್ನದಲ್ಲಿತ್ತು. ಮೋಟು ಕಾಲುಗಳನ್ನು ನೆಲಕ್ಕೆ ಊರಿ ಅದನ್ನು ಬೀಳದಂತೆ ಹಿಡಿದುಕೊಂಡೆ. ಫಾಲಾಕ್ಷಪ್ಪ ಸೌಟಿನ ಕೈಯಿಂದಲೇ ಸ್ಪೀಕರ್ ಒತ್ತಿದರು.

"ಫೋಟೋ ನೋಡ್ದೆ," ಎಂದಿತು ಅಜ್ಜಿಯ ದನಿ. "ನನ್ನ ಮುಂದೇನೇ ಬಡಿಸ್ದಂಗಿದೆ. ಹಪ್ಪಳ ಮೆತ್ತಗಾಗತ್ತೇನೋ ಅನ್ನಿಸ್ತು ನಂಗೆ. ವೀಳ್ಯ ತಗೊಂಡು ಹೋಗಕ್ಕೆ ಯಾವಾಗ ಬರ್ತೀಯಾ?"

ವೈಜಯಂತಿಯವರ ಬಾಯಲ್ಲಿ ತುತ್ತಿತ್ತು. ಫಾಲಾಕ್ಷಪ್ಪ ಅವರ ಪರವಾಗಿ, "ಭಾನುವಾರ ಬರ್ತಾರಂತೆ," ಎಂದರು.

"ನೀನ್ಯಾರಪ್ಪ?"

"ಬಡಿಸೋನು."

ಇದು ನಡೆದು ಒಂಬತ್ತು ವರ್ಷವಾಯಿತು. ಆ ಮದುವೆಯಿಂದ ಇನ್ನೊಂದು, ಅದರಿಂದ ಮತ್ತೊಂದು ಬಂದು, ಈಗ ವೈಜಯಂತಿಯವರದೇ ಅಡುಗೆ ತಂಡವಿದೆ, ಸಾಲು ಒಲೆಗಳಿರುವ ದೊಡ್ಡ ಅಡುಗೆಮನೆಯಿದೆ. ಕೈ ನಡುಗಿದರೂ ಫೋಟೋ ಅಲ್ಲಾಡದ ಮೊಬೈಲುಗಳು ಬಂದಿವೆ. ನನಗೆ ವಯಸ್ಸಾಗಿದೆ. ನನ್ನ ತಲೆಯ ಹಿಡಿ ಕಳಚಿದೆ, ಒಂದು ಕಾಲಿಗೆ ತಂತಿ ಸುತ್ತಿದ್ದಾರೆ. ಮೂಲೆಯಲ್ಲಿ ನಿಂತು ಬಾಳೆಎಲೆಯ ಕಟ್ಟುಗಳು ಜಾರದಂತೆ ಆತುಕೊಂಡಿದ್ದೇನೆ.

ತಂಡಕ್ಕೆ ಬಡಿಸಲು ಹೊಸಬರು ಬಂದ ದಿನ ವೈಜಯಂತಿ ಅವರ ಕೈಗೆ ಬಕೆಟ್ ಕೊಡುವುದಿಲ್ಲ. ನನ್ನ ಮುಂದಿನ ನೆಲದಲ್ಲಿ ಎಲೆ ಹಾಕಿ, "ಮೊದಲು ಕೂತ್ಕೊ," ಎನ್ನುತ್ತಾರೆ. ಬಂದವರು ನಾಚುತ್ತಾರೆ, ಆಮೇಲೆ ಮಾಡ್ತೀನಿ ಅಕ್ಕ ಎನ್ನುತ್ತಾರೆ, ಕೊನೆಗೆ ಸೆರಗು ಸಿಕ್ಕಿಸಿ ಕೂರುತ್ತಾರೆ. ಉಪ್ಪು ಬೀಳುತ್ತದೆ, ಕೋಸಂಬರಿ ಬೀಳುತ್ತದೆ, ಅನ್ನದ ಹಬೆ ಮುಖಕ್ಕೆ ತಾಗುತ್ತದೆ. ಆಗ ಅವರು ಕೈ ಹಾಕದೆ ಎಲೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತುಬಿಡುತ್ತಾರೆ. ವೈಜಯಂತಿ ಸೌಟು ಹಿಡಿದು ಅವಸರ ಮಾಡದೆ ಕಾಯುತ್ತಾರೆ. ಎಲೆಕಟ್ಟು ಜಾರಿ ಸದ್ದಾಗದಿರಲೆಂದು ನಾನೂ ಗಟ್ಟಿಯಾಗಿ ನಿಲ್ಲುತ್ತೇನೆ.