ಔಟ್‌ಹೌಸಿನ ಮೀಟರು

"ಜನರೇಟರ್ ಅಂದ್ರೆ ಡೀಸೆಲ್ ಕುಡಿಯುತ್ತೆ ಕಣೋ. ನಿನ್ನ ಕಾಯಿನ್ನಿಂದ ಬರೋದೆಲ್ಲ ಅದರ ಹೊಗೆಗೇ ಆಗೋಗುತ್ತೆ," ಎಂದು ಶಾಮಣ್ಣನವರು ಮಗ ಬರೆದುಕೊಂಡು ಬಂದಿದ್ದ ಕಾಗದದ ಎರಡನೆಯ ಸಾಲನ್ನೂ ಹೊಡೆದುಹಾಕಿದರು.

ಮೊದಲ ಸಾಲು ಸೋಲಾರಿನದು. ಅದು ಕಾಫಿ ಮುಗಿಯುವ ಮೊದಲೇ ಬಿದ್ದುಹೋಗಿತ್ತು. ಪಕ್ಕದವರು ನಾಲ್ಕು ಅಂತಸ್ತು ಎಬ್ಬಿಸಿದ ಮೇಲೆ ಪದ್ಮನಾಭನಗರದ ಈ ಮನೆಯ ತಾರಸಿಗೆ ಮಧ್ಯಾಹ್ನ ಎರಡಕ್ಕೆಲ್ಲ ನೆರಳು. "ನಿಮ್ಮಮ್ಮನ ಸಂಡಿಗೇನೇ ಒಣಗಲ್ಲ, ಇನ್ನು ನಿನ್ನ ಪ್ಯಾನಲ್ಲು!" ಎಂದಿದ್ದರು.

ವಸಿಷ್ಠ ತಾರಸಿಯ ಕೋಣೆಯಲ್ಲಿ ಎರಡು ಮೆಷಿನ್ ಇಟ್ಟು ಎಂಟು ತಿಂಗಳಾಗಿತ್ತು. ಅವು ಹಗಲೂ ರಾತ್ರಿ ಗುಂಯ್‌ಗುಡುತ್ತ ಏನೋ ಲೆಕ್ಕ ಬಿಡಿಸುತ್ತಿದ್ದವು. ಅದಕ್ಕೆ ಕೂಲಿಯಾಗಿ ಕೈಯಲ್ಲಿ ಹಿಡಿಯಲಾಗದ ಒಂದು ನಾಣ್ಯದ ಚೂರು ಅವನ ಫೋನಿಗೆ ಬಂದು ಬೀಳುತ್ತಿತ್ತು. ಬಿದ್ದದ್ದೆಲ್ಲ ಕರೆಂಟಿಗೇ ಹೋಗುತ್ತಿದೆ, ಬೇರೆ ದಾರಿ ಹೇಳು ಎಂದು ಮಗ ಇವತ್ತು ಕೇಳಿಕೊಂಡು ಬಂದಿದ್ದ. ಮೂವತ್ತಾರು ವರ್ಷ ಕರೆಂಟ್ ಆಫೀಸಿನಲ್ಲಿ ಸವೆದು, ಮೀಟರ್ ರೀಡರ್ ಆಗಿ ಸೇರಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ತಮ್ಮನ್ನು ಮಗ ಕಸುಬಿನ ಮಾತು ಕೇಳಿದ್ದು ಇದೇ ಮೊದಲು. ಶಾಮಣ್ಣನವರಿಗೆ ಒಳಗೊಳಗೇ ಹಿಗ್ಗು.

"ಬ್ಯಾಟರಿ ಬ್ಯಾಂಕ್ ಹಾಕಿದ್ರೆ?"

"ಬ್ಯಾಟರಿ ತುಂಬೋಕೂ ಕರೆಂಟೇ ಬೇಕಲ್ಲಪ್ಪ. ತುಂಬೋವಾಗ ಒಂದಿಷ್ಟು ಸೋರುತ್ತೆ, ತೆಗೆಯೋವಾಗ ಒಂದಿಷ್ಟು ಸೋರುತ್ತೆ."

"ಹೊಸಕೆರೆಹಳ್ಳಿ ಹತ್ರ ಒಂದ್ ಶೆಡ್ ಇದೆ. ಫ್ಯಾಕ್ಟರಿ ಲೈನ್ ತಗೊಂಡ್ರೆ ಯೂನಿಟ್ ರೇಟ್ ಕಮ್ಮಿ ಬೀಳುತ್ತಂತೆ."

"ಶೆಡ್ ಬಾಡಿಗೆ ನಿಮ್ಮ ತಾತ ಕಟ್ತಾರಾ? ಅದೆಲ್ಲ ಇರಲಿ. ಹೋದ ತಿಂಗಳು ನಮ್ಮ ಬಿಲ್ ಎಷ್ಟು ಬಂತು? ಅಲ್ಲಿಂದ ಶುರು ಮಾಡೋಣ."

ಅಡುಗೆಮನೆಯಿಂದ ಹೆಂಡತಿ ಪಂಕಜಾ ಹೇಳಿದರು. "ಈ ಸಲ ಕಮ್ಮೀನೇ ಬಂತು ರೀ. ಈ ಮೆಷಿನ್ ಬರೋಕ್ ಮುಂಚೆ ಎಷ್ಟ್ ಬರ್ತಿತ್ತೋ ಅಷ್ಟೇ."

ಶಾಮಣ್ಣನವರ ಪೆನ್ನು ನಿಂತಿತು. ಮೆಷಿನ್ ಒಂದು ದಿನವೂ ನಿಂತಿಲ್ಲ. ಬಿಲ್ಲು ಇಳಿಯುವುದೆಂದರೆ? ಮಗನ ಮುಖ ನೋಡಿದರು. ಮಗ ಫೋನು ನೋಡುತ್ತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಮುರಿಗೆವ್ವ ನಿಂತಿದ್ದಳು. ಬಾಗಲಕೋಟೆ ಕಡೆಯ ಹೆಂಗಸು. ಹಿತ್ತಿಲ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದು, ಬಿಟಿಎಂ ಲೇಔಟಿನ ಎರಡು ಮೆಸ್ಸುಗಳಿಗೆ ದಿನಾ ಇನ್ನೂರು ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಕೈಯೆಲ್ಲ ಹಿಟ್ಟು. ಆ ಕೈಯಲ್ಲೇ ಕರೆಂಟ್ ಬಿಲ್ಲು.

"ಸಾಹೇಬ್ರ, ಇದೇನ್ ಬಂದೈತಿ ನೋಡ್ರಿ. ತಿಂಗಳಾ ಸೊನ್ನಿ ಬರತಿತ್ತು. ಈಗ ಆರ್ ಸಾವಿರ! ನಾ ಏನ್ ಫ್ಯಾಕ್ಟರಿ ನಡಸ್ತೇನೇನ್ರಿ?"

ಶಾಮಣ್ಣನವರು ಅವಳ ಕೈಯಲ್ಲಿದ್ದ ಬಿಲ್ಲಿನ ಯೂನಿಟ್ ಸಾಲು ನೋಡಿದರು. ಹದಿನೈದು ದಿನದ ಹಿಂದೆ ಇದೇ ಬಾಗಿಲಲ್ಲಿ ನಿಂತು, ಮೀಟರು ಭಾಳ ಜೋರು ಓಡುತ್ತಿದೆ ಎಂದು ಅವಳು ಹೇಳಿದ್ದಳು. ಅವರು ಕುರ್ಚಿ ಬಿಟ್ಟು ಏಳಲೂ ಇಲ್ಲ. ಮೀಟರ್ ಸುಳ್ಳು ಹೇಳಲ್ಲಮ್ಮ, ನಿಮ್ಮ ಹಳೇ ಫ್ರಿಜ್ ಆಫ್ ಮಾಡಿ, ಫ್ಯಾನ್ ಕಮ್ಮಿ ಹಾಕಿ, ಇನ್ನೂರು ಯೂನಿಟ್ ದಾಟಿದ್ರೆ ಸರ್ಕಾರದ ಉಚಿತ ಕರೆಂಟ್ ಹೋಗುತ್ತೆ ಎಂದು ಉಪದೇಶ ಮಾಡಿ ಕಳಿಸಿದ್ದರು. ಏಪ್ರಿಲ್ ತಿಂಗಳು, ಮೇಲೆ ತಗಡಿನ ಶೀಟು, ಎದುರಿಗೆ ಉರಿಯುವ ಒಲೆ. ಆದರೂ ಅವಳು ಫ್ಯಾನು, ಫ್ರಿಜ್ಜು ಎರಡನ್ನೂ ಆರಿಸಿದ್ದಳು.

"ಬನ್ನಿ ನನ್ ಜೊತೆ," ಎಂದು ಎದ್ದರು.

ಮೆಟ್ಟಿಲ ಕೆಳಗಿನ ಬೋರ್ಡಿನಲ್ಲಿ ಎರಡು ಮೀಟರು. ಶಾಮಣ್ಣನವರು ಸರ್ವಿಸಿನಲ್ಲಿ ಸಾವಿರ ಮನೆಗಳಲ್ಲಿ ಮಾಡಿದ್ದನ್ನೇ ಮಾಡಿದರು. "ಒಳಗೆ ಹೋಗಿ ಎಲ್ಲ ಸ್ವಿಚ್ಚೂ ಆಫ್ ಮಾಡಿ. ಒಂದು ಬಲ್ಬೂ ಉರೀಬಾರದು."

ಮುರಿಗೆವ್ವ ಆರಿಸಿ ಬಂದಳು. ಅವಳ ಮೀಟರಿನ ಕೆಂಪು ದೀಪ ಮಾತ್ರ ಮಿಣಮಿಣ ಎನ್ನುತ್ತಲೇ ಇತ್ತು. ಕರೆಂಟು ಹರಿದಂತೆಲ್ಲ ಮಿನುಗುವ ದೀಪ ಅದು, ಒಂದು ಗಳಿಗೆಯೂ ಬಿಡುವಿಲ್ಲದೆ ಮಿನುಗುತ್ತಿತ್ತು.

"ವಸಿಷ್ಠ! ಮೇಲೆ ಹೋಗಿ ಮೆಷಿನ್ ಆಫ್ ಮಾಡು!"

ತಾರಸಿಯ ಗುಂಯ್ ಸದ್ದು ನಿಂತಿತು. ದೀಪವೂ ನಿಂತಿತು.

ಶಾಮಣ್ಣನವರ ಕಣ್ಣು ಮೀಟರಿನ ಪಕ್ಕದ ಚೇಂಜ್‌ಓವರ್ ಸ್ವಿಚ್ಚಿಗೆ ಹೋಯಿತು. ಅದರ ಹಿಡಿ ಔಟ್‌ಹೌಸಿನ ಕಡೆಗೆ ತಿರುಗಿತ್ತು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಸರಿಯಾಗಿ ಮನೆಯ ಲೈನು ಹೋಗುತ್ತಿದ್ದ ಕಾಲದಲ್ಲಿ, ಔಟ್‌ಹೌಸಿನ ಲೈನಿನಿಂದ ಪಂಪು ಓಡಿಸಲೆಂದು ಅವರೇ ಸ್ವಂತ ಕೈಯಿಂದ ಕೂರಿಸಿದ್ದ ಸ್ವಿಚ್ಚು. ತಾರಸಿ ಕೋಣೆಗೂ ಪಂಪಿನ ಲೈನಿನಿಂದಲೇ ತಂತಿ ಎಳೆದಿದ್ದರು.

ವಸಿಷ್ಠ ಮೆಟ್ಟಿಲಿಳಿದು ಬಂದ. "ಅವರ ಫ್ರೀ ಯೂನಿಟ್ ಪೂರ್ತಿ ಖರ್ಚೇ ಆಗ್ತಿರ್ಲಿಲ್ಲ ಅಪ್ಪ, ಸುಮ್ನೆ ವೇಸ್ಟ್ ಆಗ್ತಿತ್ತು. ಲಿಮಿಟ್ ಒಳಗೇ ಇದ್ದು ವಾಪಸ್ ತಿರುಗಿಸೋಣ ಅಂತಿದ್ದೆ. ಮರ್ತೋಯ್ತು."

"ಕಳ್ಳ! ಎಂಥೆಂಥ ಮನೆಗೆ ನುಗ್ಗಿ ಕೇಸ್ ಹಾಕಿ ಬಂದವನು ನಾನು ಗೊತ್ತೇನೋ? ಒಂದು ಯೂನಿಟ್ ಕದ್ದವರನ್ನೂ ಬಿಟ್ಟವನಲ್ಲ. ನನ್ನ ಮನೇಲೇ..." ಕೋಪಕ್ಕೆ ಶಾಮಣ್ಣನವರ ಮಾತು ತೊದಲಿತು, ಕೈ ಮೇಲೆದ್ದಿತು.

ವಸಿಷ್ಠ ಹಿಂದೆ ಸರಿಯಲಿಲ್ಲ. "ನಾನೊಬ್ಬನೇ ಕಳ್ಳನಾ? ಆ ಸ್ವಿಚ್ ಹಾಕ್ದೋನು ನೀನು. ನಾನು ಸ್ಕೂಲಿಗೆ ಹೋಗ್ತಿದ್ದಾಗಿಂದ ನೋಡ್ತಿದೀನಿ, ಔಟ್‌ಹೌಸಿಗೆ ಯಾರು ಬಂದ್ರೂ ಅವರ ಮೀಟರ್‌ನಲ್ಲೇ ನಮ್ಮ ಪಂಪ್ ಓಡ್ತಿತ್ತು. ಅವರಲ್ಲಿ ಯಾರಿಗಾದ್ರೂ ಹೇಳಿದ್ಯಾ?"

ಬಾಗಿಲಲ್ಲಿ ನಿಂತಿದ್ದ ಪಂಕಜಾ ತಲೆ ತಗ್ಗಿಸಿದರು. ಶಾಮಣ್ಣನವರು ಯಾರಿಗೂ ಹೇಳಿರಲಿಲ್ಲ. ಅರ್ಧ ಗಂಟೆಯ ಪಂಪು, ಅದೇನು ಮಹಾ ಎಂದುಕೊಂಡಿದ್ದರು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಶಾಮಣ್ಣನವರು ಅದೇ ಕೈಯಿಂದ ಔಟ್‌ಹೌಸಿನ ಫ್ಯೂಸು ಕಿತ್ತರು. ಮಗನ ಮೇಲಿದ್ದ ಸಿಟ್ಟು ಈಗ ತಮ್ಮ ಮೇಲೇ ತಿರುಗಿತ್ತು.

"ಬಿಲ್ ನಾನು ಕಟ್ತೀನಿ ಮುರಿಗೆವ್ವ. ಇವತ್ತೇ."

"ಬಿಲ್ ಕಟ್ಟತೀರಿ, ಖರೇ." ಅವಳ ದನಿ ಈಗ ಏರಿತು. "ಹದಿನೈದ್ ದಿನಾ ಧಗಿಯೊಳಗ ಬೆಂದೇನಲ್ರಿ ನಾ, ಅದನ್ನ ಯಾರ್ ಕಟ್ಟತೀರಿ? ಫ್ರಿಜ್ ಇಲ್ದ ಮೊಸರೆಲ್ಲ ಹುಳಿ ಬಂದು ಚೆಲ್ಲೇನಿ. ಕರೆಂಟಿನ ಸಾಹೇಬ್ರು ಹೇಳ್ಯಾರ, ತಪ್ಪೆಲ್ಲ ನಂದ ಇರಬೇಕು ಅಂತ ಬಾಯಿ ಮುಚ್ಕೊಂಡ್ ಕುಂತೆ!"

ಬಿಲ್ಲನ್ನು ಮೀಟರಿನ ಮೇಲಿಟ್ಟು ಅವಳು ಹೊರಟುಹೋದಳು.

ಶಾಮಣ್ಣನವರು ಕಟಿಂಗ್ ಪ್ಲೇಯರ್ ತಂದು ಸ್ವಿಚ್ಚಿನ ತಂತಿಗಳನ್ನೆಲ್ಲ ಕತ್ತರಿಸಿದರು. ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಗೋಡೆಯಿಂದ ಕಿತ್ತರು. ವಸಿಷ್ಠ ಮೇಲೆ ಹೋದ. ಔಟ್‌ಹೌಸಿನ ಫ್ಯೂಸನ್ನು ಮತ್ತೆ ಕೂರಿಸಿ ಶಾಮಣ್ಣನವರು ಕೂಗಿ ಹೇಳಿದರು.

"ಸರಿಯಾಯ್ತಮ್ಮ! ಫ್ಯಾನ್ ಹಾಕ್ಕೊಳ್ಳಿ! ಫ್ರಿಜ್ಜೂ ಹಾಕ್ಕೊಳ್ಳಿ!"

ಹಿತ್ತಿಲಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಅವರು ಕಿತ್ತ ಸ್ವಿಚ್ಚನ್ನು ಕೈಯಲ್ಲಿ ಹಿಡಿದು ಅವಳ ಮೀಟರನ್ನೇ ನೋಡುತ್ತ ನಿಂತರು. ಬಿಸಿಲು ಮೆಟ್ಟಿಲ ತನಕ ಬಂತು. ಫ್ಯಾನು ಹಾಕಿದರೆ ಮಿನುಗಬೇಕಿದ್ದ ಕೆಂಪು ದೀಪ ಮಿನುಗಲೇ ಇಲ್ಲ.