ಗ್ಯಾಲರಿಯಿಂದ ಹಳೇದು ಹಾಕಿದರೆ ಔಟ್

೧

ಬಾಗಿಲಿನಿಂದ ಶುರುಮಾಡಲೋ, ಬಂಪರಿನಿಂದಲೋ?

ಬಾಗಿಲಿನಿಂದ ಶುರುಮಾಡಿದರೆ ಮೊದಲ ಸಾಲಿಗೇ ನಿಮ್ಮ ಮುಖ ಬಾಡುತ್ತದೆ. ಆ ಬಾಗಿಲು ಮುಚ್ಚಿ ನಲವತ್ತೇಳು ದಿನವಾಗಿದೆ, ಒಳಗೆ ಹದಿನಾಲ್ಕು ವರ್ಷದ ಹುಡುಗಿ ಇದ್ದಾಳೆ. ಬಂಪರಿನಿಂದಾದರೆ ಸ್ವಲ್ಪ ನಗಬಹುದು. ಈ ಕಥೆಯಲ್ಲಿ ನಗುವುದಕ್ಕೆ ಜಾಗ ಇರುವುದು ಅಲ್ಲೊಂದೇ ಆದ್ದರಿಂದ ಅದನ್ನು ಮೊದಲೇ ಮುಗಿಸಿಬಿಡೋಣ.

೨ (ಬಂಪರು)

ಅವನು ಸರ್ವೇಯರ್. ಜಮೀನು ಅಳೆಯುವವನಲ್ಲ. ಗುದ್ದಿಸಿಕೊಂಡು ಗ್ಯಾರೇಜಿಗೆ ಬಂದ ಕಾರುಗಳ ಫೋಟೊ ತೆಗೆದು ವಿಮೆ ಕಂಪನಿಗೆ ವರದಿ ಕೊಡುವವನು. ನಾಲ್ಕು ಮೂಲೆಯಿಂದ ನಾಲ್ಕು ಫೋಟೊ, ನಂಬರ್ ಪ್ಲೇಟಿನದೊಂದು, ಪೆಟ್ಟಿನ ಪಕ್ಕ ಸ್ಕೇಲ್ ಹಿಡಿದು ಇನ್ನೊಂದು. ಜನ ಹಳೇ ಪೆಟ್ಟನ್ನು ಹೊಸದೆಂದು ತೋರಿಸುತ್ತಾರೆ, ಹಳೇ ಫೋಟೊವನ್ನು ಇವತ್ತಿನದೆಂದು ಕಳಿಸುತ್ತಾರೆ. ಅದನ್ನು ಹಿಡಿಯುವುದೇ ಅವನ ಕೆಲಸ. ಹದಿನೆಂಟು ವರ್ಷದಿಂದ ಹಿಡಿಯುತ್ತಿದ್ದಾನೆ.

ಗುರುವಾರ ಬೆಳಿಗ್ಗೆ ಹೀಗಾಯಿತು.

"ಯಾವತ್ತಾಗಿದ್ದು ಸಾರ್ ಇದು?"

"ಮೊನ್ನೆ ಮಂಗಳವಾರ. ಲಾರಿಯವನು ಬಂದು ಗುದ್ದಿಬಿಟ್ಟ," ಅಂದರು ಕಾರಿನ ಯಜಮಾನರು.

ಅವನು ಕುಕ್ಕರಗಾಲಲ್ಲಿ ಕೂತು, ಬಂಪರಿನ ಬಿರುಕಿನೊಳಗೆ ಟಾರ್ಚ್ ಬಿಟ್ಟ. "ಮಂಗಳವಾರ ಆಗಿದ್ದಕ್ಕೆ ಇಲ್ಲೊಂದು ಜೇಡ ಬಲೆ ನೇಯ್ದು, ಮೊಟ್ಟೆ ಇಟ್ಟು, ಸಂಸಾರ ಹೂಡಿದೆಯಲ್ಲ ಸಾರ್?"

"ಅದಕ್ಕೂ ಬಾಡಿಗೆ ಮನೆ ಅರ್ಜೆಂಟಿತ್ತೇನೋ, ಬಿಡಿ ಸಾರ್," ಅಂದ ಗ್ಯಾರೇಜಿನ ಮೇಸ್ತ್ರಿ.

ಯಜಮಾನರೂ ನಕ್ಕರು, ಬೇರೆ ದಾರಿ ಇರಲಿಲ್ಲ. ಅವನು ಮಾತ್ರ ನಗಲಿಲ್ಲ. ವರದಿಯಲ್ಲಿ "ಹಳೆಯ ಹಾನಿ, ತಿರಸ್ಕೃತ" ಎಂದು ಬರೆದ.

(ನಗು ಮುಗಿಯಿತು. ಇನ್ನು ಮುಂದೆ ಬರುವ ನಗು ಒಂದೇ. ಅದು ಫೋಟೊದಲ್ಲಿದೆ.)

೩

ಈಗ ಆಟದ ಬಗ್ಗೆ ಹೇಳಬೇಕು. ಇದನ್ನು ಎರಡು ಪುಟ ಬರೆದು ಹರಿದೆ; ಸುಮ್ಮನೆ ಹೇಳುತ್ತೇನೆ.

ಅವನ ಹೆಂಡತಿ ದೂರದ ದೇಶವೊಂದರ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಲೈನಿನ ಸೂಪರ್‌ವೈಸರ್. ಎರಡು ವರ್ಷದ ಒಪ್ಪಂದದ ಮೇಲೆ ಹೋದವಳು. ಹೊರಡುವ ಹಿಂದಿನ ದಿನ ಫೋನಿನಲ್ಲಿ ಮೂವರದೊಂದು ಗ್ರೂಪ್ ಮಾಡಿದಳು. ವಾರಕ್ಕೊಂದು ಪದ, ಆ ಪದಕ್ಕೊಂದು ಫೋಟೊ, ತಲೆಗೊಂದರಂತೆ. ಪದ ಕೊಡುವ ಸರದಿ ಭಾನುವಾರ ಭಾನುವಾರ ಬದಲಾಗಬೇಕು. ಕೆಂಪು. ಮೂಲೆ. ಚಕ್ರ. ಅರ್ಧ. ಒದ್ದೆ.

"ಮಾತಾಡೋಕೆ ಏನೂ ಇಲ್ಲದ ದಿನ ಬರುತ್ತೆ ಕಣೇ ಪುಟ್ಟಿ. ಆಗ ಇದಿರುತ್ತೆ," ಅಂದಿದ್ದಳು.

ಪುಟ್ಟಿ ಅಂದರೆ ಆ ಬಾಗಿಲಿನ ಹಿಂದಿನ ಹುಡುಗಿ. ಆಟದ ಒಂದೇ ಒಂದು ಕಾನೂನು ಅವಳದು: "ಗ್ಯಾಲರಿಯಿಂದ ಹಳೇದು ಹಾಕಿದ್ರೆ ಔಟ್. ಅಪ್ಪ, ನಿಂಗೇ ಹೇಳ್ತಿರೋದು."

ಎಂಬತ್ತಕ್ಕೂ ಹೆಚ್ಚು ವಾರ ಯಾರೂ ಔಟಾಗಲಿಲ್ಲ. 'ಅರ್ಧ' ಅನ್ನುವ ವಾರ ಹೆಂಡತಿ ತನ್ನ ಮಂಚದ ಫೋಟೊ ಕಳಿಸಿದಳು. ಒಂದೇ ದಿಂಬು. ಅವನು ಅದನ್ನು ಕೆಲಸದ ಕಣ್ಣಿನಿಂದ ಎಷ್ಟೋ ಹೊತ್ತು ನೋಡಿದ. ಪೆಟ್ಟು ಎಲ್ಲಿದೆ ಅಂತ ಗೊತ್ತಾಯಿತು. ಪಕ್ಕದಲ್ಲಿ ಹಿಡಿಯುವುದಕ್ಕೆ ಸ್ಕೇಲ್ ಇರಲಿಲ್ಲ.

೪

ಬಾಗಿಲು ಯಾಕೆ ಮುಚ್ಚಿತು?

ನೀವು ಕೇಳುತ್ತೀರಿ ಅಂತ ಗೊತ್ತಿತ್ತು. ನನ್ನ ಜೇಬಲ್ಲಿ ಮೂರು ಕಾರಣಗಳಿವೆ: ಶಾಲೆಯಲ್ಲಿ ಯಾರೋ ಏನೋ ಅಂದದ್ದು, ಒಬ್ಬ ಗೆಳತಿ ಮಾತು ಬಿಟ್ಟದ್ದು, ಕೆಟ್ಟ ಅಂಕ. ಮೂರನ್ನೂ ಬರೆದು ನೋಡಿದೆ. ಮೂರೂ ಚೆನ್ನಾಗಿಯೇ ಕೂತವು. ಅದಕ್ಕೇ ತೆಗೆದುಹಾಕಿದೆ. ಅವನಿಗೆ ಕಾರಣ ಗೊತ್ತಿಲ್ಲ. ನಿಮಗೆ ಮಾತ್ರ ಹೇಳಿದರೆ ಅವನಿಗೆ ಮೋಸ ಮಾಡಿದ ಹಾಗೆ.

ಗೊತ್ತಿರುವುದು ಇಷ್ಟು. ಒಂದು ಸೋಮವಾರ ಅವಳು ಶಾಲೆಗೆ ಹೊರಡಲಿಲ್ಲ. ಮಂಗಳವಾರವೂ ಹೊರಡಲಿಲ್ಲ. ಅವನು ಕೆಲಸಕ್ಕೆ ಹೋದ ಮೇಲೆ ಹೊರಗೆ ಬಂದು ಸ್ನಾನ ಮಾಡುತ್ತಾಳೆ ಎಂದು ಒದ್ದೆ ಟವೆಲ್ ಹೇಳುತ್ತದೆ. ಬಾಗಿಲ ಹೊರಗೆ ಇಟ್ಟ ತಟ್ಟೆ ಕೆಲವು ದಿನ ಖಾಲಿ, ಕೆಲವು ದಿನ ಇಟ್ಟ ಹಾಗೇ.

"ಪುಟ್ಟಿ, ಏನಾಯ್ತು ಮಗಾ?"

"ಏನಿಲ್ಲ."

"ಡಾಕ್ಟರ ಹತ್ರ ಹೋಗಿಬರೋಣ?"

"ನಾಳೆ."

ಕ್ಲಾಸ್ ಟೀಚರ್ ಫೋನ್ ಮಾಡಿದಾಗ ಜ್ವರ ಅಂದ. ಆಮೇಲೆ ಟೈಫಾಯ್ಡ್ ಅಂದ. ಹೇಳಬಹುದಾದ ಕಾಯಿಲೆಗಳು ಮುಗಿಯುತ್ತ ಬಂದವು. ಒಂದು ದಿನ ತಾನೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅವರು ತಾಳ್ಮೆಯಿಂದ ಕೇಳಿ, "ತಾಯಿ ಏನಂತಾರೆ?" ಅಂದರು. ಅವನು ಫೋನ್ ಇಟ್ಟುಬಿಟ್ಟ.

ತಾಯಿಗೆ ಗೊತ್ತಿರಲಿಲ್ಲ. ಮಗಳ ಫೋಟೊ ಬರುವುದು ನಿಂತಾಗ ಕೇಳಿದ್ದಳು. "ಪರೀಕ್ಷೆ ಕಣೇ, ಓದ್ತಿದಾಳೆ" ಅಂದಿದ್ದ. ಇನ್ನೆರಡು ತಿಂಗಳಿಗೆ ಅವಳ ಒಪ್ಪಂದ ಮುಗಿಯುತ್ತದೆ, ಬಂದುಬಿಡುತ್ತಾಳೆ, ಅಲ್ಲಿಯವರೆಗೆ ಯಾಕೆ ಹೆದರಿಸಬೇಕು ಎನ್ನುವುದು ಅವನ ಲೆಕ್ಕಾಚಾರ.

(ಇದನ್ನು ಬರೆಯುತ್ತಿರುವಾಗ ಅವನು ನನ್ನನ್ನು ದುರುಗುಟ್ಟಿ ನೋಡಿದ. "ಲೆಕ್ಕಾಚಾರ ಅಂತೆಲ್ಲ ಬರೀಬೇಡಿ. ಹೇಳೋಕೆ ಬಾಯಿ ಬರಲಿಲ್ಲ ಅಂತ ಬರೀರಿ."

"ಬಾಗಿಲು ಒಡೆದಾದರೂ ಒಳಗೆ ಹೋಗಬಹುದಿತ್ತಲ್ಲ ಮಾರಾಯ," ಅಂದೆ.

"ನಿಮಗೂ ಮಕ್ಕಳಿದಾರಲ್ಲ, ನೀವು ಒಡೀತಿದ್ರಾ?"

ಮುಂದಿನ ಪ್ಯಾರಾಕ್ಕೆ ಹೋಗೋಣ.)

೫

ಆ ಭಾನುವಾರ ಪದ ಕೊಡುವ ಸರದಿ ಹೆಂಡತಿಯದು. "ಈ ವಾರದ ಪದ: ನಗು," ಎಂದು ಬರೆದಳು. ಅದರ ಕೆಳಗೆ, "ಪುಟ್ಟಿ, ಈ ಸಲ ನೀನು ತಪ್ಪಿಸಿಕೊಳ್ಳೋ ಹಾಗಿಲ್ಲ. ನಿನ್ನ ಮುಖ ನೋಡಬೇಕು."

ಗುರುವಾರದವರೆಗೂ ಗ್ರೂಪಿನಲ್ಲಿ ಏನೂ ಬರಲಿಲ್ಲ. ಅವಳು ಮೂರು ಸಲ ಪ್ರಶ್ನಾರ್ಥಕ ಚಿಹ್ನೆ ಕಳಿಸಿದಳು. ಜೇಡದ ಕಾರು ಮುಗಿಸಿದ ಮಧ್ಯಾಹ್ನ, ಗ್ಯಾರೇಜಿನ ಹಳೇ ಟೈರಿನ ಮೇಲೆ ಕೂತು ಅವನು ಗ್ಯಾಲರಿ ತೆರೆದ.

ಹೋದ ವರ್ಷದ್ದೊಂದು ಫೋಟೊ. ಹೆಂಡತಿ ಅಲ್ಲಿಂದ ಹೊಲಿದು ಕಳಿಸಿದ್ದ ಹಳದಿ ಟಾಪ್ ಹಾಕಿಕೊಂಡು ಪುಟ್ಟಿ ಹೊಟ್ಟೆ ಹಿಡಿದು ನಗುತ್ತಿದ್ದಾಳೆ. ಯಾಕೆ ನಕ್ಕಿದ್ದಳೋ, ಅವನಿಗೆ ನೆನಪಿಲ್ಲ. ಆ ವಾರದ ಪದ 'ಚಕ್ರ' ಆಗಿದ್ದರಿಂದ ಕಳಿಸದೆ ಉಳಿದಿತ್ತು.

ಕಳಿಸಿದ.

೬ (ನಾನು ಕೈಬಿಟ್ಟ ಕರಡು)

ಹೆಂಡತಿ ಫೋಟೊ ದೊಡ್ಡದು ಮಾಡಿ ನೋಡಿದಳು. ದಿನಕ್ಕೆ ಸಾವಿರ ಅಂಗಿಗಳ ತೋಳು ಪರೀಕ್ಷಿಸುವ ಕಣ್ಣು ಅದು. ಅರ್ಧ ಅಂಗುಲ ಹೆಚ್ಚುಕಮ್ಮಿಯಾದರೂ ಬಿಡುವುದಿಲ್ಲ. ಹದಿಮೂರು ವರ್ಷದವಳ ಅಳತೆಗೆ ಹೊಲಿದ ತೋಳು ಹದಿನಾಲ್ಕರ ಹುಡುಗಿಯ ಮಣಿಕಟ್ಟಿಗೆ ಸರಿಯಾಗಿ ಕೂರುವುದಾದರೂ ಹೇಗೆ? ಕೂಡಲೇ ಫೋನ್ ಮಾಡಿದಳು. "ರೀ, ಇದು ಯಾವತ್ತಿಂದು?" ಅವನು ಅತ್ತುಬಿಟ್ಟ. ಅವಳು ಮುಂದಿನ ವಿಮಾನಕ್ಕೆ...

"ನಿಲ್ಲಿಸಿ," ಅಂದ ಅವನು. "ಅವಳು ಹಿಡೀಲಿಲ್ಲ."

"ಹಿಡೀಬೇಕಿತ್ತಲ್ಲಪ್ಪ. ಅವಳ ಕೆಲಸವೇ ಅದು. ಕಥೆಗೆ ಇದಕ್ಕಿಂತ ಒಳ್ಳೆ ತಿರುವು ಎಲ್ಲಿ ಸಿಗುತ್ತೆ?"

"ನಾನೂ ಕಾದೆ. ಹಿಡಿದುಬಿಡಲಿ ಅಂತ ದೇವರಾಣೆಗೂ ಕಾದೆ. ಅವಳು ಹಾಗೆಲ್ಲ ನೋಡೋದಿಲ್ಲ ನಮ್ಮನ್ನ. ನೋಡೋದು ಕಾರ್ಖಾನೇಲಿ."

೬ (ನಡೆದದ್ದು)

ಹತ್ತು ನಿಮಿಷಕ್ಕೆ ಗ್ರೂಪಿನಲ್ಲಿ ಅವಳ ಧ್ವನಿ ಸಂದೇಶ ಬಂತು, ಹಿಂದೆ ನೂರಾರು ಮಷೀನುಗಳ ಸದ್ದು.

"ಅಯ್ಯೋ ನನ್ನ ಬಂಗಾರ! ನೋಡ್ರೀ, ಹಲ್ಲೆಲ್ಲಾ ಕಾಣೋ ಹಾಗೆ ನಗ್ತಿದಾಳೆ. ಆ ಹಳದಿ ಟಾಪ್ ಇನ್ನೂ ಆಗುತ್ತಾ ಅವಳಿಗೆ? ತೋಳು ಸರಿಯಾಗೇ ಕೂತಿದೆ. ಒಂಚೂರೂ ಬೆಳೆದಿಲ್ಲ ಹಾಗಾದ್ರೆ! ಏನ್ರೀ, ಊಟ ಸರಿಯಾಗಿ ಹಾಕ್ತಿದೀರೋ ಇಲ್ವೋ?"

ನೋಡಿದಳು. ಅಳತೆಯನ್ನೂ ನೋಡಿದಳು. ಅರ್ಥ ಮಾತ್ರ ಬೇರೆ ಮಾಡಿಕೊಂಡಳು. ತುಕ್ಕು ಎದುರಿಗೇ ಇದ್ದರೂ ಬಣ್ಣವೆಂದು ನಂಬುವ ಗಿರಾಕಿಯನ್ನು ಅವನು ಹದಿನೆಂಟು ವರ್ಷದಲ್ಲಿ ಕಂಡಿರಲಿಲ್ಲ.

ಅರ್ಧ ಗಂಟೆಯ ಮೇಲೆ ಗ್ರೂಪಿನಲ್ಲಿ ಇನ್ನೊಂದು ಸಾಲು ಬಂತು. ಆರು ವಾರಗಳ ನಂತರ ಪುಟ್ಟಿ ಬರೆದಿದ್ದಳು:

"ಥ್ಯಾಂಕ್ಸ್ ಅಮ್ಮ. ಚೆನ್ನಾಗಿ ಬಂದಿದೀನಿ ಅಲ್ವಾ?"

(ಈ ಸಾಲನ್ನು ಬಹಳ ದಿನ ನೋಡಿದ್ದೇನೆ. ಅವಳು ಅಪ್ಪನನ್ನು ಉಳಿಸಿದಳೋ, ಔಟ್ ಮಾಡಿದಳೋ? ಅಮ್ಮನಿಗೆ ತಿಳಿಯಬಾರದೆಂಬ ಆಸೆ ಅವಳಿಗೂ ಇತ್ತೋ, ಇಲ್ಲ ಇನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲವೆಂದು ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಕೊಂಡಳೋ? ಅವಳನ್ನು ಬರೆದವನು ನಾನೇ. ನನಗೂ ಹೇಳುವುದಿಲ್ಲ.)

೭

ಶುಕ್ರವಾರ ಸಂಜೆ ಹೆಂಡತಿ ಫೋನ್ ಮಾಡಿದಳು.

"ರೀ, ಇನ್ನೆರಡು ವರ್ಷ ಇರ್ತೀರಾ ಅಂತ ಆಫೀಸಲ್ಲಿ ಕೇಳ್ತಾ ಇದ್ರು. ನಿಮಗೆ ಹೇಳಿರಲಿಲ್ಲ. ಆಗಲ್ಲ ಅಂತಲೇ ಇದ್ದೆ. ಪುಟ್ಟಿ ಹೆಂಗಿದಾಳೋ ಏನೋ ಅಂತ ಒಳಗೊಳಗೇ ಹೆದರಿಕೆ. ಅದಕ್ಕೇ ನಗು ಕೇಳಿದ್ದು. ನೋಡಿದ ಮೇಲೆ ಧೈರ್ಯ ಬಂತು ನೋಡಿ. ಪತ್ರಕ್ಕೆ ಸೈನ್ ಹಾಕಿದೀನಿ. ನಾಳೆ ಆಫೀಸ್ ತೆರೆದ ತಕ್ಷಣ ಕೊಟ್ಟುಬಿಡ್ತೀನಿ."

"ಓಹೋ," ಅಂದ ಅವನು.

"ಓಹೋ ಅಂದ್ರೆ? ಬೇಡ್ವಾ?"

"ಬೇಡ ಅಂತಲ್ಲ."

"ಮತ್ತೆ?"

"ಏನಿಲ್ಲ."

(ಮನೆಯಲ್ಲಿ ಎಲ್ಲರೂ ಒಂದೇ ಪದ ಬಳಸುತ್ತಾರೆ.)

ಈ ಜಾಗದಲ್ಲಿ ನಾನು ಕಥೆಯನ್ನು ಎರಡು ಸಲ ಮುಗಿಸಿದ್ದೇನೆ. ಒಂದರಲ್ಲಿ ಪುಟ್ಟಿ ತಾನೇ ಬಾಗಿಲು ತೆಗೆದು, ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡು, "ಅಮ್ಮಾ, ಬಾ" ಅನ್ನುತ್ತಾಳೆ. ಅದನ್ನು ಬರೆದ ದಿನ ನನಗೆ ಚೆನ್ನಾಗಿ ನಿದ್ದೆ ಬಂತು. ಅದಕ್ಕೇ ಅನುಮಾನ ಬಂದು ಅಳಿಸಿದೆ. ಇನ್ನೊಂದರಲ್ಲಿ ಅವನು ಸುಮ್ಮನಾಗುತ್ತಾನೆ, ಎರಡು ವರ್ಷ ಕಳೆಯುತ್ತದೆ, ತಾಯಿ ಬಂದು ಬಾಗಿಲು ತಟ್ಟುತ್ತಾಳೆ. ಒಳಗೆ ಏನಿತ್ತು ಎಂಬ ಸಾಲನ್ನು ಬರೆಯಲು ನನ್ನ ಕೈ ಏಳಲಿಲ್ಲ. ಆ ಹಾಳೆಯನ್ನೂ ಹರಿದೆ.

೮

ಶನಿವಾರ ಬೆಳಿಗ್ಗೆ. ಅವನು ಗ್ಯಾರೇಜಿಗೆ ಹೋಗಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ, ಗೋಡೆಗೊರಗಿ ಕೂತ. ಪಕ್ಕದಲ್ಲಿ ನಿನ್ನೆಯ ತಟ್ಟೆ, ಇಟ್ಟ ಹಾಗೇ. ಫೋನ್ ತೆಗೆದು ತಟ್ಟೆಯನ್ನೂ ಬಾಗಿಲನ್ನೂ ಒಟ್ಟಿಗೆ ಚೌಕಟ್ಟಿಗೆ ತಂದ. ಇದೊಂದನ್ನು ಕಳಿಸಿದರೆ ಸಾಕು, ಮಾತು ಬೇಕಿಲ್ಲ. ಫೋಟೊ ಕೊಟ್ಟು ಪಕ್ಕಕ್ಕೆ ಸರಿಯುವುದನ್ನು ಜೀವಮಾನವಿಡೀ ಮಾಡಿದ್ದಾನೆ.

ಒಳಗಿನಿಂದ ಧ್ವನಿ ಬಂತು. ಬಾಗಿಲಿಗೆ ತೀರಾ ಹತ್ತಿರದಿಂದ. ಅವಳೂ ಆ ಕಡೆ ನೆಲದ ಮೇಲೇ ಕೂತಿರಬೇಕು.

"ಅಪ್ಪ, ಕೆಲಸಕ್ಕೆ ಹೋಗಲ್ವಾ?"

"ಇಲ್ಲ ಮಗಾ."

"ಅಮ್ಮ ಬರಲ್ವಂತಾ?"

ಗೋಡೆ ತೆಳು, ಮಷೀನುಗಳ ನಡುವೆ ಮಾತಾಡುವ ಹೆಂಡತಿಯ ಗಂಟಲು ಜೋರು. ಎಲ್ಲ ಕೇಳಿಸಿಕೊಂಡಿದ್ದಾಳೆ.

"ನಿಜ ಹೇಳಿಬಿಡ್ಲಾ ಅಮ್ಮಂಗೆ?"

ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ನೆರಳು ಒಮ್ಮೆ ಸರಿಯಿತು. ಆಮೇಲೆ,

"ಹೇಳು. ಫೋಟೊ ಮಾತ್ರ ತೆಗೀಬೇಡ."

ಅವನು ಫೋನನ್ನು ಕೆಳಗಿಳಿಸಿದ.

"ಏನಂತ ಹೇಳ್ಲಿ, ಪುಟ್ಟಿ?"

ಅವನು ಬಾಗಿಲಿಗೆ ತಲೆ ಆನಿಸಿದ. ಆ ಕಡೆಯೂ ಏನೋ ಆನಿಸಿದ ಹಾಗೆ ಮರ ಸಣ್ಣಗೆ ಕಿರುಗುಟ್ಟಿತು. (ಅಥವಾ ಇಲ್ಲ. ಇದು ನಾನು ಸೇರಿಸಿದ್ದು. ಕ್ಷಮಿಸಿ, ಏನಾದರೊಂದು ಕೊಡದೆ ಅವನನ್ನು ಮುಂದಕ್ಕೆ ಕಳಿಸಲು ಆಗಲಿಲ್ಲ.)

ಅಲ್ಲಿ ಆಫೀಸು ತೆರೆಯಲು ಇನ್ನು ಕಾಲು ಗಂಟೆ. ಅವನು ಹೆಂಡತಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು.

"ಹೇಳ್ರೀ. ಏನು ಇಷ್ಟು ಹೊತ್ತಿಗೆ?"

ಅವನ ಮೊದಲ ಮಾತನ್ನು ನಾನು ಒಂಬತ್ತು ಸಲ ಬರೆದಿದ್ದೇನೆ. "ಒಂದು ವಿಷಯ" ಅಂತ, "ತಪ್ಪಾಯ್ತು" ಅಂತ, "ಪುಟ್ಟಿ" ಅಂತ ಬರೆದೆ. ಒಂದೊಂದನ್ನೂ ಅವನ ಮುಂದೆ ಹಿಡಿದೆ. ಅವನು ಓದಿ ತಲೆಯಾಡಿಸಿದ. "ಇದರಲ್ಲಿ ಅವಳು ಪತ್ರ ಕೊಟ್ಟುಬಿಡ್ತಾಳೆ. ಇದರಲ್ಲಿ ಅಲ್ಲೇ ಕುಸಿದುಬೀಳ್ತಾಳೆ, ಪಕ್ಕದಲ್ಲಿ ಯಾರೂ ಇರಲ್ಲ. ಬೇರೆ ಕೊಡಿ."

ನನ್ನ ಹತ್ತಿರ ಬೇರೆ ಇಲ್ಲ. ನಿಮ್ಮ ಹತ್ತಿರ ಇದ್ದರೆ ಜೋರಾಗಿ ಹೇಳಬೇಡಿ, ಬಾಗಿಲ ಆಚೆ ಒಬ್ಬಳು ಕಿವಿಗೊಟ್ಟು ಕೂತಿದ್ದಾಳೆ.

"ಹಲೋ? ರೀ? ಕೇಳಿಸ್ತಾ ಇದೆ, ಹೇಳಿ," ಅನ್ನುತ್ತಿದ್ದಾಳೆ ಅವಳು. "ಹೇಳಿ."